ಹಫೀಜಾ ಇಟ್ಟ ಹೆಸರುಗಳು

ಚಿಂತಾಮಣಿಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಬಿತ್ತನೆ ಬೀಜದ ಅಂಗಡಿಗೆ ಒತ್ತಿಕೊಂಡಂತೆ ನಲ್ಲಪ್ಪನವರ ಡಿಟಿಪಿ ಸೆಂಟರ್ ಇತ್ತು. ಹಫೀಜಾ ಅಲ್ಲಿ ಕೆಲಸಕ್ಕೆ ಸೇರಿದ್ದು ತೊಂಬತ್ತೈದರಲ್ಲಿ, ಮೂವತ್ತೆರಡು ತುಂಬಿದ ಮೇಲೆ. ಮುರುಗಮಲ್ಲಕ್ಕೆ ಕೊಟ್ಟು ಮಾಡಿದ್ದ ಮದುವೆ ಒಂದೂವರೆ ವರ್ಷಕ್ಕೇ ಮುರಿದು, ಅಣ್ಣ ಅಮಾನುಲ್ಲಾನ ಮನೆಗೆ ವಾಪಸ್ ಬಂದು ಎಂಟು ವರ್ಷವಾಗಿತ್ತು. ಆ ಮನೆಯಲ್ಲಿ ಅವಳಿಗೆ ಕೆಟ್ಟ ಮಾತು ಆಡಿದವರು ಯಾರೂ ಇಲ್ಲ. ಇವತ್ತೇನು ಮಾಡಿದೆ ಎಂದು ಕೇಳಿದವರೂ ಇಲ್ಲ. ತಟ್ಟೆಗೆ ಅನ್ನ ಬೀಳುತ್ತಿತ್ತು, ಉಂಡು ಏಳುತ್ತಿದ್ದಳು.

ಮಾರನೆಯ ವರ್ಷದ ಮಳೆಗಾಲದಲ್ಲಿ ಚನ್ನಕೇಶವ ಮೇಷ್ಟ್ರು ಬಂದರು. ಸಾದಲಿಯವರು, ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದವರು. ಕಣ್ಣಿನ ನರ ಒಣಗಿ ದೃಷ್ಟಿ ಹೆಚ್ಚುಕಡಿಮೆ ಹೋಗಿತ್ತು. ಹತ್ತನೇ ತರಗತಿಯ ಹಳ್ಳಿ ಮಕ್ಕಳಿಗಾಗಿ ಒಂದು ಪುಸ್ತಕ ಮಾಡಲೇಬೇಕೆಂಬುದು ಅವರ ಹಟ. ಪ್ರತಿ ಮಂಗಳವಾರ ಕಂಡಕ್ಟರ್ ಬಯ್ಯಪ್ಪ ಕೈಹಿಡಿದು ಬಸ್ಸಿಳಿಸುತ್ತಿದ್ದ. ಮೇಷ್ಟ್ರು ಗೋಡೆ ಸವರಿಕೊಂಡು ಬಂದು ಅವಳ ಪಕ್ಕದ ಸ್ಟೂಲಿನಲ್ಲಿ ಕೂತು ಬಾಯಲ್ಲೇ ಪಾಠ ಹೇಳುತ್ತಿದ್ದರು. ಅವಳು ಟೈಪ್ ಮಾಡುತ್ತಿದ್ದಳು.

ತೊಡಕಾದದ್ದು ಚಿಹ್ನೆಗಳಿಂದ. ಕೀಬೋರ್ಡಿನಲ್ಲಿ ಅವು ಇಲ್ಲ. ಒಂದೊಂದನ್ನೂ ಉದ್ದನೆಯ ಪಟ್ಟಿಯಿಂದ ಹೆಕ್ಕಿ ತರಬೇಕು. ಅವಳ ಪರದಾಟ ನೋಡಲಾರದೆ ನಲ್ಲಪ್ಪನವರು ಬೆಂಗಳೂರಿನಿಂದ ಒಂದು ಹಳೆಯ, ಭಾರವಾದ ಕೀಬೋರ್ಡ್ ತಂದುಕೊಟ್ಟರು. ಅದಕ್ಕೆ ಕಲಿಸಿದ್ದನ್ನು ನೆನಪಿಟ್ಟುಕೊಳ್ಳುವ ಗುಣವಿತ್ತು. ಬದಿಯ ಕೀಲಿ ಒತ್ತಿ ಒಂದು ಹೆಸರು ಹೊಡೆದರೆ, ಆ ಹೆಸರಿಗೆ ಕಟ್ಟಿಟ್ಟ ಚಿಹ್ನೆ ಪರದೆಗೆ ಬರುತ್ತಿತ್ತು. ಗಣಿತದಲ್ಲಿ ಅವುಗಳ ಹೆಸರೇನೆಂದು ಹಫೀಜಾಳಿಗೆ ಗೊತ್ತಿರಲಿಲ್ಲ. ಕಣ್ಣಿಗೆ ಹೇಗೆ ಕಂಡವೋ ಹಾಗೆ ಮನೆಮಾತಿನಲ್ಲೇ ಹೆಸರಿಟ್ಟಳು.

ಒಂದು ದಿನ ಮೇಷ್ಟ್ರು ಕಿವಿಗೊಟ್ಟು ಕೇಳಿ, "ನಾನು ‘ಆದ್ದರಿಂದ’ ಅಂದಾಗೆಲ್ಲ ಐದು ಸಲ ಟಕಟಕ ಅನ್ನುತ್ತಲ್ಲಮ್ಮ, ಏನು ಹೊಡೀತೀಯ?" ಎಂದರು.

"ಚೂಲಾ ಅಂತ ಸಾರ್."

"ಹಂಗಂದ್ರೆ?"

"ಒಲೆ ಸಾರ್. ಆ ಮೂರು ಚುಕ್ಕಿ ಒಲೆಗುಂಡು ಇಟ್ಟಂಗೇ ಕಾಣ್ತದೆ." ನಾಚಿಕೆಯಾಯಿತು. "ಪೈ ಬಾಗಿಲ ಚೌಕಟ್ಟಿನಂಗಿದೆ, ದರ್ವಾಜಾ ಅಂತ ಇಟ್ಟಿದೀನಿ. ವರ್ಗಮೂಲಕ್ಕೆ ಚಪ್ಪರ."

ಮೇಷ್ಟ್ರು ಕೆಮ್ಮು ಬರುವಷ್ಟು ನಕ್ಕರು. "ಮೂವತ್ತೈದು ವರ್ಷ ಬೋರ್ಡ್ ಮೇಲೆ ಬರ್ದೆ ಕಣಮ್ಮ, ಒಂದಿನಾನೂ ನಂಗೆ ಒಲೆ ಕಾಣ್ಲಿಲ್ಲ!"

ಅಂದಿನಿಂದ ಅವರೂ ಅವಳ ಹೆಸರುಗಳಲ್ಲೇ ಹೇಳತೊಡಗಿದರು. ಚಪ್ಪರದ ಕೆಳಗೆ ಎರಡು, ಮುಂದೆ ದರ್ವಾಜಾ. ಲೆಕ್ಕ ಹೇಳುವುದರ ಜೊತೆಗೆ ಅದು ಹಾಗೇಕೆ ಎಂದೂ ವಿವರಿಸುವರು, ಅವಳು ತಲೆದೂಗಿದ್ದು ಕಾಣದೆ "ಗೊತ್ತಾಯ್ತೇನಮ್ಮ?" ಎಂದು ಕೇಳುವರು. ಮೆಲ್ಲಮೆಲ್ಲನೆ ಅವಳಿಗೆ ನಿಜವಾಗಿಯೂ ಗೊತ್ತಾಗತೊಡಗಿತು. ವಾರದ ಉಳಿದ ಆರು ದಿನ ಅವಳು ಮಂಗಳವಾರದ ಮಾತನ್ನೇ ಮನಸ್ಸಿನಲ್ಲಿ ಮೆಲುಕು ಹಾಕುತ್ತಿದ್ದಳು.

ಫೆಬ್ರವರಿಯಲ್ಲಿ ಕೊನೆಯ ಅಧ್ಯಾಯಕ್ಕೆ ಬಂದರು. ಎತ್ತರ, ದೂರಗಳ ಲೆಕ್ಕ. ಆರು ಲೆಕ್ಕಗಳಿಗೆ ಉತ್ತರ ಹೇಳುವುದಷ್ಟೇ ಬಾಕಿ. ಎರಡು ಮಂಗಳವಾರ ಮೇಷ್ಟ್ರು ಬರಲಿಲ್ಲ. ಮೂರನೆಯ ಮಂಗಳವಾರ ಬಯ್ಯಪ್ಪ ಒಬ್ಬನೇ ಬಾಗಿಲಲ್ಲಿ ಬಂದು ನಿಂತ.

"ಮೇಷ್ಟ್ರು ಹೋಗ್ಬಿಟ್ರಮ್ಮ. ಹೋದ ಗುರುವಾರ. ನಿಮಗ್ಯಾರೂ ಹೇಳಿರಲ್ಲ ಅಂತ ಬಂದೆ."

ಸಾದಲಿಗೆ ಹೋಗಬೇಕೆನಿಸಿತು. ಹೋಗಿ ಯಾರೆಂದು ಹೇಳಿಕೊಳ್ಳುವುದು? ಹೋಗಲಿಲ್ಲ. ಮನೆಯಲ್ಲೂ ಹೇಳಲಿಲ್ಲ, ಹೇಳಿದ್ದರೆ, ಯಾವ ಮೇಷ್ಟ್ರು ಎಂಬಲ್ಲಿಂದ ಶುರುಮಾಡಬೇಕಿತ್ತು.

ಮೇಷ್ಟ್ರ ತಮ್ಮ ಆವಲಪ್ಪ ಬಂದು, ಇದ್ದಷ್ಟನ್ನು ಅಚ್ಚು ಹಾಕಿಸಿ ಎಂದು ನಲ್ಲಪ್ಪನವರಿಗೆ ಹೇಳಿಹೋದರು. ಆ ಆರು ಲೆಕ್ಕಗಳನ್ನು ಉತ್ತರವಿಲ್ಲದೆ ಬಿಡಲು ಹಫೀಜಾಳಿಗೆ ಮನಸ್ಸಾಗಲಿಲ್ಲ. ನಾಲ್ಕು ದಿನ ಊಟದ ಹೊತ್ತಿನಲ್ಲಿ ತಾನೇ ಕೂತು ಬಿಡಿಸಿದಳು. ಸರಿಯೇ ತಪ್ಪೇ ಕೇಳಲು ಯಾರೂ ಇರಲಿಲ್ಲ. ಪುಸ್ತಕ ಮೇಷ್ಟ್ರ ಹೆಸರಿನಲ್ಲಿ ಹೊರಬಂತು.

ಜೂನ್‌ನಲ್ಲಿ ಗೌರಿಬಿದನೂರಿನ ಕಡೆಯ ಒಬ್ಬ ಗಣಿತದ ಮೇಷ್ಟ್ರು ಪುಸ್ತಕ ಹಿಡಿದು ಅಂಗಡಿಗೆ ಬಂದರು.

"ಪುಸ್ತಕ ಬಹಳ ಚೆನ್ನಾಗೈತೆ. ಕೊನೇ ಪುಟದಲ್ಲಿ ಮಾತ್ರ ಒಂದು ತಪ್ಪು ನೋಡಿ. ಹುಡುಗಿ ಕಂಬದಿಂದ ಮೂವತ್ತು ಮೀಟರ್ ದೂರ ನಿಂತಿದಾಳೆ, ಕೋನ ನಲವತ್ತೈದು. ಇಲ್ಲಿ ಕಂಬದ ಎತ್ತರ ಮೂವತ್ತು ಅಂತಿದೆ. ನಿಂತು ನೋಡೋಳ ಎತ್ತರ ಒಂದೂವರೆ ಮೀಟರ್ ಕೂಡಿಸೇ ಇಲ್ಲ."

ಹಫೀಜಾ ಎದ್ದು ನಿಂತಳು. "ಅದು ಮೇಷ್ಟ್ರ ತಪ್ಪಲ್ಲ ಸಾರ್, ನಂದು."

"ಹೋಗ್ಲಿ ಬಿಡಮ್ಮ, ಟೈಪಿಂಗ್‌ನಲ್ಲಿ ಇಂಥದೆಲ್ಲ ಆಗತ್ತೆ."

ಅದಲ್ಲ ಎನ್ನಲು ಬಾಯಿ ತೆರೆದಳು. "ಹೂಂ ಸಾರ್" ಎಂದಳು.

ಅವರು ಹೋದ ಮೇಲೆ ಉಳಿದ ಐದನ್ನೂ ರದ್ದಿ ಕಾಗದದ ಮೇಲೆ ಮತ್ತೊಮ್ಮೆ ಬಿಡಿಸಿದಳು. ಐದೂ ಸರಿಯಿದ್ದವು. ಹೇಳಬೇಕೆನಿಸಿ ತಲೆಯೆತ್ತಿದಳು. ನಲ್ಲಪ್ಪನವರು ಫೋನಿನಲ್ಲಿದ್ದರು. ಕಾದಳು.

ಫೋನ್ ಇಟ್ಟು ಅವರು, "ಆ ಬೀಜದ ಲೇಬಲ್ ಆಯ್ತೇನಮ್ಮ?" ಎಂದರು.

"ಆಯ್ತು ಸಾರ್, ತಗೊಳ್ಳಿ."