ಹಸಿರು ದಾರ ಕಟ್ಟಿದವಳು

ಮಂಜುಳಾ, ನೀನು ಹೊಸೆದ ಊದಿನಕಡ್ಡಿಯ ಕಟ್ಟುಗಳಿಗೆ ಹಸಿರು ದಾರ ಕಟ್ಟಿದವಳು ನಾನು. ಅದು ಸುಳ್ಳೆಂದು ಗೊತ್ತಿದ್ದೇ ಕಟ್ಟಿದೆ.

ತೊಂಬತ್ತರ ದಶಕದ ಮಾತು. ತುಮಕೂರಿನಲ್ಲಿ ನಾವು ಕೆಲವು ಹೆಂಗಸರು ಸೇರಿ ಒಂದು ಅಂಗಡಿ ತೆರೆದಿದ್ದೆವು. ಹೆಂಗಸರು ಮನೆಯಲ್ಲಿ ಹೊಸೆದ ಕಡ್ಡಿಯನ್ನು ನ್ಯಾಯವಾದ ಕೂಲಿ ಕೊಟ್ಟು ತಂದು ಮಾರುತ್ತಿದ್ದೆವು. ಕೊಳ್ಳುವವರಿಗೆ ಒಳ್ಳೆಯ ಮನಸ್ಸೇನೋ ಇರುತ್ತದೆ. ಆದರೆ ಇದನ್ನು ಮಾಡಿದವರು ಯಾರು, ಹೇಗೆ ಎಂದು ಅಂಗಡಿಯಲ್ಲಿ ನಿಂತು ವಿಚಾರಿಸಲು ಪುರುಸೊತ್ತು ಯಾರಿಗಿದೆ? ಅದಕ್ಕೇ ದಾರ. ಹಸಿರು ದಾರ ಇದ್ದರೆ ಮಕ್ಕಳ ಕೈ ಸೋಕಿಲ್ಲ ಎಂದರ್ಥ. ಓದು ಬಾರದವರಿಗೂ ತಿಳಿಯಲೆಂದು ಅಕ್ಷರ ಬಿಟ್ಟು ದಾರ ಆರಿಸಿದವಳು ನಾನೇ. ಎಷ್ಟು ಬೀಗಿದ್ದೆ ಆಗ — ಈಗ ನೆನೆದರೆ ನನ್ನ ಮೇಲೆ ನನಗೇ ಹೇಸಿಗೆ.

ಮನೆಗಳನ್ನು ನೋಡಿ ಬರುವ ಕೆಲಸವೂ ನನ್ನದೇ. ಹೇಳದೆ ಕೇಳದೆ ಒಬ್ಬರ ಮನೆಗೆ ನುಗ್ಗುವುದು ಮರ್ಯಾದೆಯಲ್ಲವೆಂದು ಹಿಂದಿನ ದಿನವೇ ಹೇಳಿ ಕಳಿಸುತ್ತಿದ್ದೆ. ನನ್ನ ಮರ್ಯಾದೆ ನೋಡು — ಮಕ್ಕಳನ್ನು ಬಚ್ಚಿಡಲು ಎಲ್ಲರಿಗೂ ಸಮಯ ಸಿಗುತ್ತಿತ್ತು.

ನಿಮ್ಮ ಮನೆಗೆ ಬಂದಾಗ ನಿಮ್ಮಮ್ಮ ಒಬ್ಬರೇ ಕಡ್ಡಿ ಹೊಸೆಯುವ ಹಲಗೆಯ ಮುಂದೆ ಕೂತಿದ್ದರು. ಮಗಳು ಸ್ಕೂಲಿಗೆ ಹೋಗಿದ್ದಾಳೆ ಎಂದರು. ನಂಬಿದೆ, ಕಾಫಿ ಕುಡಿದೆ, ಹೊರಡಲು ಎದ್ದೆ. ಮುತ್ತೈದೆಯನ್ನು ಕುಂಕುಮ ಕೊಡದೆ ಕಳಿಸಲು ಅವರಿಗೆ ಮನಸ್ಸಿಲ್ಲ. ಗಂಡನನ್ನು ಕಳೆದುಕೊಂಡವರು, ತಾವೇ ಕೊಡುವಂತಿಲ್ಲ. ಕುಂಕುಮದ ಬಟ್ಟಲಿನತ್ತ ಕೈ ಚಾಚಿ ಹಿಂದೆಗೆದುಕೊಂಡರು. ಆಮೇಲೆ ಅಡುಗೆಮನೆಯ ಕಡೆ ತಿರುಗಿದರು.

"ಮಂಜೀ, ಬಾರೇ, ಮೇಡಂಗೆ ಕುಂಕುಮ ಕೊಡು."

ನೀನು ಬಂದೆ. ಎಂಟೊಂಬತ್ತು ವರ್ಷದ ಹುಡುಗಿ. ಲಂಗಕ್ಕೆ ಒರೆಸಿಕೊಂಡಿದ್ದರೂ ಅಂಗೈಯಲ್ಲಿ ಕಡ್ಡಿಗೆ ಮೆತ್ತುವ ಇದ್ದಿಲ ಹಿಟ್ಟಿನ ಕಪ್ಪು ಹೋಗಿರಲಿಲ್ಲ. ನಿಮ್ಮಮ್ಮ ನೆಲ ನೋಡುತ್ತಿದ್ದರು. ನಾನು ಬಗ್ಗಿ ಕುಂಕುಮ ಇಡಿಸಿಕೊಂಡೆ. ನೀನು ಬಾಗಿಲವರೆಗೆ ನನ್ನ ಹಿಂದೆಯೇ ಬಂದು ಮೆಲ್ಲಗೆ ಹೇಳಿದೆ: "ಮೇಡಂ, ನನ್ನ ಸ್ಕೂಲಿಗೆ ಕಳ್ಸು ಅಂತ ನೀವ್ ಹೇಳಿದ್ರೆ ಅಮ್ಮ ಕೇಳ್ತಾಳೆ."

"ನೋಡೋಣ ಬಿಡು," ಎಂದೆ.

ಅಷ್ಟೇ. ಹಬ್ಬ ಹತ್ತಿರವಿತ್ತು, ಗುಬ್ಬಿ, ಕುಣಿಗಲ್ಲಿನ ಅಂಗಡಿಯವರು ಮಾಲಿಗೆ ಕಾಯುತ್ತಿದ್ದರು. ಆದರೆ ಅದಲ್ಲ ನಿಜವಾದ ಕಾರಣ. ನಾವು ಕೊಡುತ್ತಿದ್ದ ಕೂಲಿ ನಾವು ಹೇಳಿಕೊಂಡಷ್ಟು ನ್ಯಾಯವಾಗಿದ್ದರೆ ಅಮ್ಮನಿಗೆ ಮಗಳ ಕೈ ಯಾಕೆ ಬೇಕಾಗುತ್ತಿತ್ತು — ಬಾಯಿ ಬಿಟ್ಟಿದ್ದರೆ ಆ ಪ್ರಶ್ನೆ ನಮ್ಮ ಕಡೆಗೇ ತಿರುಗುತ್ತಿತ್ತು. ನಾನು ಹೆದರಿದ್ದು ಅದಕ್ಕೆ.

ಮನೆಗೆ ಬಂದಾಗ ಅತ್ತೆ ಕೇಳಿದರು: "ಹಣೆ ಮೇಲೇನೇ ಮಸಿ?" ಸೆರಗಿನಿಂದ ಒರೆಸಿಕೊಂಡೆ. ಮಾರನೆಯ ದಿನ ಅಂಗಡಿಯಲ್ಲಿ ಕೂತು ನಿಮ್ಮ ಮನೆಯ ಕಟ್ಟುಗಳಿಗೆಲ್ಲ ದಾರ ಸುತ್ತಿದೆ. ಮತ್ತೆ ನಿಮ್ಮ ಬೀದಿಗೆ ನಾನು ಹೋಗಲಿಲ್ಲ. ಬೇರೆಯವರನ್ನು ಕಳಿಸಿದೆ.

ಹೋದ ತಿಂಗಳು ಗುಬ್ಬಿ ಸಂತೆಯಲ್ಲಿ ನಿನ್ನನ್ನು ಕಂಡೆ. ಪಕ್ಕದಲ್ಲಿ ಯೂನಿಫಾರ್ಮ್ ತೊಟ್ಟ ನಿನ್ನ ಮಗಳು. ನೀನು ಅಂಗಡಿಯವನಿಗೆ ಹೇಳುತ್ತಿದ್ದೆ: "ದಾರ ಇರೋದೇ ಕೊಡಣ್ಣ. ಅದನ್ನ ಮಕ್ಕಳ ಕೈಲಿ ಮಾಡ್ಸಿರಲ್ವಂತೆ."

ನಾನು ಜನರ ನಡುವೆ ಸರಿದುಹೋಗಲು ನೋಡಿದೆ. ನೀನೇ ಗುರುತು ಹಿಡಿದೆ.

"ಚೆನ್ನಾಗಿದೀರಾ ಮೇಡಂ? ನಂಗೆ ಓದಕ್ ಬರಲ್ವಲ್ಲ, ಈ ದಾರ ಇದ್ರೆ ಸುಲಭ ಆಯ್ತದೆ. ಇಲ್ಲೇ ನಮ್ಮನೆ, ಬಂದು ಹೋಗಿ."

ದಾರ ಕಟ್ಟುತ್ತಿದ್ದದ್ದು ಅಂಗಡಿಯಲ್ಲಿ. ನಿನ್ನ ಕಡ್ಡಿಗೂ ಅದೇ ದಾರ ಬಿದ್ದಿತ್ತೆಂದು ನಿನಗೆ ಗೊತ್ತಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಸುಳ್ಳು ಹೇಳಿ — ಮತ್ತೂ ಒಂದು ಸುಳ್ಳು — ತಪ್ಪಿಸಿಕೊಂಡು ಬಂದೆ.

ಮಂಜುಳಾ, ಇದನ್ನು ಬರೆದು ಕಳಿಸಿ ಕೈ ತೊಳೆದುಕೊಳ್ಳುವುದಿಲ್ಲ. ಬರೆದರೆ ನೀನು ಓದಲಾರೆ, ಹಾಗೆ ಮಾಡಿದವಳು ನಾನೇ. ನಿನ್ನ ಮನೆಗೆ ಬರುತ್ತೇನೆ, ಈ ಸಲ ಮೊದಲೇ ಹೇಳಿ ಕಳಿಸುವುದಿಲ್ಲ. ನಿನ್ನ ಮಗಳ ಮುಂದೆಯೇ ಎಲ್ಲ ಹೇಳುತ್ತೇನೆ. ಕೇಳಿದ ಮೇಲೆ ನೀನು ಕುಂಕುಮ ಕೊಡದೆ ಕಳಿಸಿದರೆ ಹಾಗೆಯೇ ಹೊರಡುತ್ತೇನೆ.