ಭಾನುಮತಿಯ ಬಲಗೈ

ಕುವೆಂಪುನಗರದಲ್ಲಿ ನಡುವಯಸ್ಸಿನಲ್ಲಿ ಸ್ಕೂಟರ್ ಕಲಿತ ಹೆಂಗಸರನ್ನು ಕೇಳಿದರೆ, ಅವರಲ್ಲಿ ಹಲವರು ಭಾನುಮತಿಯ ಹೆಸರು ಹೇಳುತ್ತಾರೆ. ಕಲಿಯುವವರನ್ನು ಮುಂದೆ ಕೂರಿಸಿ, ತಾನು ಹಿಂದೆ ಕೂತು, ಎರಡೂ ಕಡೆಯಿಂದ ಕೈ ಚಾಚಿ ಬ್ರೇಕಿನ ಮೇಲೆ ಬೆರಳಿಟ್ಟುಕೊಂಡು ಕಲಿಸುವುದು ಆಕೆಯ ಕ್ರಮ. "ನೀವು ಓಡ್ಸಿ, ನಿಲ್ಸೋದು ನನ್ಗೆ ಬುಡಿ" ಅನ್ನುವಳು.

ಹೋದ ವರ್ಷ ಗಗನ ಎಂಬ ಹೊಸ ಶಿಷ್ಯೆ ತಿರುವಿನಲ್ಲಿ ಗಾಬರಿಯಾಗಿ ಆಕ್ಸಿಲರೇಟರನ್ನು ಪೂರ್ತಿ ತಿರುಚಿಬಿಟ್ಟಳು. ಸ್ಕೂಟರ್ ಹೋಗಿ ಪಾರ್ಕಿನ ಕಾಂಪೌಂಡಿಗೆ ಗುದ್ದಿತು. ಗಗನಳ ಮೊಣಕಾಲು ತರಚಿತು, ಅಷ್ಟೆ. ಭಾನುಮತಿಯ ಬಲಗೈ ಹ್ಯಾಂಡಲ್ಲಿಗೂ ಗೋಡೆಗೂ ನಡುವೆ ಸಿಕ್ಕಿ ನಜ್ಜಾಯಿತು.

ಡಾಕ್ಟರು ತಂತಿ ಹಾಕಿ ಮೂಳೆ ಕೂಡಿಸಿದರು. ತಂತಿ ತೆಗೆದ ಮೇಲೂ ಬೆರಳುಗಳು ಮಡಚಲಿಲ್ಲ. ಬಸ್ಸಿನಲ್ಲಿ ಯಾರಾದರೂ ಪಕ್ಕಕ್ಕೆ ಬಂದರೆ ಸಾಕು, ಆಕೆ ಕೈಯನ್ನು ಸೆರಗಿನೊಳಕ್ಕೆ ಎಳೆದುಕೊಳ್ಳುವಳು. ಊಟ ಎಡಗೈಯಲ್ಲಿ ಚಮಚದಿಂದ. ಹೆಬ್ಬಾಳದ ಕಾರ್ಖಾನೆಯಿಂದ ಶಿಫ್ಟ್ ಮುಗಿಸಿ ಬಂದ ಗಂಡ ಮಂಟಯ್ಯ ತಲೆ ಬಾಚಿಕೊಡುತ್ತಿದ್ದ. ಆಗೆಲ್ಲ ಆಕೆಗೆ ಒಂದೇ ಯೋಚನೆ: ನಾಳೆ ಯಾರನ್ನಾದರೂ ಮುಂದೆ ಕೂರಿಸಿಕೊಂಡಾಗ ಈ ಕೈ ಬ್ರೇಕ್ ಹಿಡಿಯದಿದ್ದರೆ?

ಕ್ಲಿನಿಕ್ಕಿನಲ್ಲಿ ಕೈಗೆ ವ್ಯಾಯಾಮ ಮಾಡಿಸುತ್ತಿದ್ದ ಅಪೂರ್ವ ಚಿಕ್ಕ ವಯಸ್ಸಿನವಳು, ತಾಳ್ಮೆಯವಳು. "ಮೂಳೆ ಗಟ್ಟಿಯಾಗಿದೆ ಆಂಟಿ. ಕೀಲು ಬಿಗಿದುಕೊಂಡಿದೆ, ಅಷ್ಟೆ. ಆದ್ರೆ ನೋವು ಬರೋಕೆ ಮುಂಚೇನೇ ನೀವು ನಿಲ್ಲಿಸಿಬಿಡ್ತೀರಿ" ಅಂದಳು. ಒಂದು ದಿನ ದಪ್ಪನೆಯ ಕನ್ನಡಕದಂಥದ್ದನ್ನು ತಂದು ಆಕೆಯ ತಲೆಗೆ ಕಟ್ಟಿದಳು. "ಇದು ವಿಡಿಯೋ ಗೇಮ್ ಥರ ಒಂದು ಆಟ. ಕೈ ಮುಂದೆ ಚಾಚಿ."

ಕ್ಲಿನಿಕ್ಕು ಮಾಯವಾಯಿತು. ಸುತ್ತ ಒಂದು ತೋಟ, ಕಣ್ಣೆದುರು ಎರಡು ನೀಲಿ ಕೈಗಳು. ಭಾನುಮತಿ ಬೆರಳಾಡಿಸಿದಂತೆ ಅವೂ ಆಡಿದವು, ಆದರೆ ಅವುಗಳ ಮೇಲೆ ಗಾಯದ ಗುರುತಿರಲಿಲ್ಲ. ಆಕೆಗೆ ತಲೆ ಸುತ್ತಿತು.

"ಇದು ನನ್ನ ಕೈಯಲ್ಲ ಕಣಮ್ಮ."

"ನಿಮ್ಮದೇ. ಆ ಹಣ್ಣು ಕೀಳಿ ನೋಡೋಣ."

ಹಣ್ಣು ಕಿತ್ತಳು, ಬುಟ್ಟಿಗೆ ಹಾಕಿದಳು. ಇದ್ದಕ್ಕಿದ್ದಂತೆ ಕೊಂಬೆಯ ಮೇಲಿದ್ದ ಹಕ್ಕಿಗೂಡು ಓಲಾಡಿ, ಒಂದು ಮೊಟ್ಟೆ ಉರುಳಿತು. "ಅಯ್ಯೋ!" ಎಂದು ಭಾನುಮತಿ ಬಲಗೈ ಚಾಚಿ ಗಪ್ಪನೆ ಹಿಡಿದುಬಿಟ್ಟಳು. ಮರುಕ್ಷಣವೇ ನೋವು ಮೊಣಕೈವರೆಗೆ ಹೊಡೆಯಿತು. ಕನ್ನಡಕ ಕಿತ್ತು ಹಾಕಿ, "ಮತ್ತೆ ಮುರೀತು, ನನಗೊತ್ತು, ಮತ್ತೆ ಮುರೀತು" ಎಂದು ಅತ್ತಳು.

ಬೆಳಿಗ್ಗೆ ಕೈ ಊದಿತ್ತು. "ಇನ್ನು ಆ ಕಡೆ ತಲೆ ಹಾಕಲ್ಲ" ಅಂದಳು. "ಬ್ಯಾಡ ಅಂದ್ರೆ ಬುಡು, ನಾನೇನು ಎಳ್ಕೊಂಡ್ ಹೋಗಲ್ಲ" ಅಂದ ಮಂಟಯ್ಯ. ಅಪೂರ್ವಳೇ ಫೋನ್ ಮಾಡಿದಳು: "ಆಟ ಬೇಡ ಆಂಟಿ, ಊತ ತೋರಿಸೋಕಾದರೂ ಬನ್ನಿ." ಡಾಕ್ಟರು ಎಕ್ಸ್‌ರೇ ತೆಗೆಸಿದರು. ಏನೂ ಮುರಿದಿರಲಿಲ್ಲ. ತಿಂಗಳುಗಳಿಂದ ಮಡಚದ ಬೆರಳು ಮಡಚಿದ್ದಕ್ಕೆ ಊತ, ಇಳಿಯುತ್ತದೆ ಅಂದರು.

ಊತ ಇಳಿದ ಮೇಲೆ ಆಕೆ ಮತ್ತೆ ಕನ್ನಡಕ ಹಾಕಿಕೊಂಡಳು. ಆಟದಲ್ಲಿ ಮಡಚುವ ಕೈ ಮನೆಯಲ್ಲಿ ಲೋಟ ಕಂಡರೆ ಹಿಂಜರಿಯುತ್ತಿತ್ತು. ಬರುಬರುತ್ತಾ ಅದೂ ಹಿಡಿತಕ್ಕೆ ಬಂತು. ಕಿರುಬೆರಳೊಂದು ಮಾತ್ರ ಕೊನೆಗೂ ಪೂರ್ತಿ ಮಡಚಲೇ ಇಲ್ಲ.

ಹೀಗಿರುವಾಗ ಒಂದು ಭಾನುವಾರ ಗಗನ ಮನೆಗೆ ಬಂದಳು. ತಲೆ ತಗ್ಗಿಸಿಕೊಂಡೇ, "ನಾನು ಕಲೀಬೇಕು ಆಂಟಿ. ನಿಮ್ಮ ಹತ್ರಾನೇ" ಅಂದಳು. ಆಗಲ್ಲ ಅನ್ನಬೇಕೆಂದುಕೊಂಡ ಭಾನುಮತಿ, "ಹೆಲ್ಮೆಟ್ ತಂದಿದೀರಾ?" ಎಂದು ಕೇಳಿಬಿಟ್ಟಿದ್ದಳು.

ಮೈದಾನದಲ್ಲಿ ಗಗನ ಆಕ್ಸಿಲರೇಟರ್ ತಿರುವಿದಳು. ಇಂಜಿನ್ ಗೊರಗುಟ್ಟಿತೇ ಹೊರತು ಗಾಡಿ ಕದಲಲಿಲ್ಲ. ಇನ್ನಷ್ಟು ತಿರುವುವುದಕ್ಕೂ ಅವಳಿಗೆ ಹೆದರಿಕೆ.

"ಆಂಟಿ, ಬ್ರೇಕ್ ಬಿಡಿ. ಗಾಡಿ ಹೋಗ್ತಾನೇ ಇಲ್ಲ."

ಭಾನುಮತಿ ಬಗ್ಗಿ ನೋಡಿದಳು. ಮಡಚಲಾರದ ಕಿರುಬೆರಳು ಬಿಟ್ಟು ಬಲಗೈಯ ಉಳಿದ ಬೆರಳುಗಳೆಲ್ಲ ಬ್ರೇಕ್ ಲಿವರನ್ನು ಬಿಗಿಯಾಗಿ ಅಮುಕಿ ಹಿಡಿದಿದ್ದವು. ಗಿಣ್ಣುಗಳು ಬೆಳ್ಳಗಾಗಿದ್ದವು. ಬಿಡು ಅಂದರೂ ಕೈ ಬಿಡದು.

"ಮೊದ್ಲು ಆಕ್ಸಿಲರೇಟರ್ ಇಳಿಸಿ. ಒಂದು ನಿಮಿಷ ತಡೀರಿ ಕಣ್ರೀ" ಅಂದಳು. ಉಸಿರು ಎಳೆದುಕೊಂಡು, ಒಂದೊಂದೇ ಬೆರಳನ್ನು ಸಡಿಲಿಸಿದಳು. ಈಗ ಮೆತ್ತಗೆ ತಿರುವಿ ಅಂದಳು. ಸ್ಕೂಟರ್ ಓಲಾಡುತ್ತಾ ಮುಂದೆ ಹೊರಟಿತು.