ಕೋವಿಗೊಂದು ಕುದುರೆ

ಜಿದ್ದಾಕ್ಕೆ ಹೋಗುವ ಮೊದಲು ನಾನು ಲೇತ್ ಯಂತ್ರವನ್ನು ಕೈಯಿಂದ ಮುಟ್ಟಿದವನಲ್ಲ. ಫೋನಿನಲ್ಲಿ ಮಾತ್ರ ನೋಡಿದ್ದೆ. ಯಾವುದೋ ದೇಶದ ಯಾರೋ ಒಬ್ಬ ತುಕ್ಕು ಹಿಡಿದ ಹಳೇ ಯಂತ್ರವನ್ನು ಬಿಚ್ಚಿ, ಒಂದೊಂದೇ ತುಂಡನ್ನು ತೊಳೆದು ಉಜ್ಜಿ ಬಣ್ಣ ಹಚ್ಚಿ, ಕೊನೆಗೆ ಸ್ವಿಚ್ ಹಾಕುವ ವಿಡಿಯೋಗಳು. ಊಟ ಮಾಡುವಾಗಲೂ ಅದೇ, ಕಂಪನಿಯ ಬಸ್ಸಿನಲ್ಲೂ ಅದೇ. ಓದಿದ್ದು ಕಾಮರ್ಸ್, ಮಾಡುತ್ತಿದ್ದುದು ಸ್ಪೇರ್ ಪಾರ್ಟ್ಸ್ ಗೋದಾಮಿನಲ್ಲಿ ಸಾಮಾನು ಎತ್ತಿಡುವ ಕೆಲಸ. ಆದರೂ ನನ್ನ ತಲೆಯೊಳಗೆ ನಾನು ಭಾರೀ ಮೆಕ್ಯಾನಿಕ್.

ಒಂದು ದಿನ ನಮ್ಮ ಕಫೀಲನ, ಅಂದರೆ ನಮಗೆ ವೀಸಾ ಕೊಟ್ಟ ಧಣಿಯ, ಅಣ್ಣ ಗೋದಾಮಿಗೆ ಬಂದರು. ಬಂದರಿನ ಕೆಲಸದಿಂದ ನಿವೃತ್ತರಾದ ಮುದುಕರು. ಎರಡೂ ಕೈಯನ್ನು ಗಾಳಿಯಲ್ಲಿ ಗರಗರ ತಿರುಗಿಸಿ ಏನೋ ಕೇಳಿದರು. ಕೌಂಟರಿನಲ್ಲಿದ್ದವರಿಗೆ ತಲೆಬುಡ ಅರ್ಥವಾಗಲಿಲ್ಲ. ನನಗೆ ಆಯಿತು. ಹಳೇ ಲೇತನ್ನು ತಿರುಗಿಸುವ ಚಪ್ಪಟೆ ಬೆಲ್ಟು! ಆ ಕೈಸನ್ನೆಯನ್ನು ನಾನು ವಿಡಿಯೋಗಳಲ್ಲಿ ಎಷ್ಟು ಸಲ ನೋಡಿಲ್ಲ. ಅದೇ ಶುಕ್ರವಾರ ಅವರು ಅಜೀಜಿಯಾ ಬಡಾವಣೆಯ ನಮ್ಮ ರೂಮಿನ ಕೆಳಗೆ ಕಾರು ನಿಲ್ಲಿಸಿ ಹಾರ್ನ್ ಹೊಡೆದರು.

ಅವರ ಮನೆಯ ಹಿಂದೆ ತಗಡಿನ ಶೆಡ್ಡು. ಒಳಗೆ ಗುಜರಿಯಿಂದ ಎತ್ತಿ ತಂದ ಒಂದು ಲೇತ್, ಒಂದು ಡ್ರಿಲ್, ಗೋಡೆಯುದ್ದಕ್ಕೂ ಅರಗಳು. ನನಗೆ ಸ್ವರ್ಗ. ಅಂದಿನಿಂದ ಪ್ರತಿ ಶುಕ್ರವಾರ ಮಧ್ಯಾಹ್ನ ನಾನು ಅಲ್ಲಿ. ಅವರನ್ನು 'ಅಮ್ಮೀ' ಎಂದು ಕರೆಯುತ್ತಿದ್ದೆ. ಅಲ್ಲಿ ಅದಕ್ಕೆ ಚಿಕ್ಕಪ್ಪ ಎಂದರ್ಥ. ಗಡ್ಡ ಬಿಟ್ಟ ಗಂಡಸನ್ನು ಅಮ್ಮಿ ಎಂದು ಕರೆಯಲು ಮೊದಮೊದಲು ನಗು ಬರುತ್ತಿತ್ತು. ಅವರು ನನ್ನನ್ನು 'ಮುಹಂದಿಸ್', ಅಂದರೆ ಇಂಜಿನಿಯರ್ ಎನ್ನುತ್ತಿದ್ದರು. ಅದು ತಮಾಷೆಗೋ ಮರ್ಯಾದೆಗೋ ಇವತ್ತಿಗೂ ಗೊತ್ತಿಲ್ಲ. ನಮ್ಮಿಬ್ಬರ ಮಾತು ಅರ್ಧ ಅರಬಿ, ಅರ್ಧ ಹಿಂದಿ, ಸಾಲದ್ದಕ್ಕೆ ಕೈಬಾಯಿ ಸನ್ನೆ. ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

ಲೇತಿನ ಬಣ್ಣ ಕೆರೆಯುವಾಗಲೇ ನನ್ನ ಗೊಂದಲ ಶುರುವಾಯಿತು ಎನ್ನಬೇಕು. ಮೇಲೆ ಹಸಿರು. ಕೆರೆದರೆ ಬೂದಿ. ಇನ್ನೂ ಕೆರೆದರೆ ಕಪ್ಪು. ಹಳೆಯದನ್ನು ಹಳೆಯದರಂತೆಯೇ ಮಾಡಬೇಕು, ಇಲ್ಲದ್ದನ್ನು ಸೇರಿಸಬಾರದು ಎಂದು ವಿಡಿಯೋದವರೆಲ್ಲ ಹೇಳುತ್ತಾರೆ. ಸರಿ, ಯಾವ ಹಳೆಯದು?

"ಅಮ್ಮೀ, ಇದರ ನಿಜವಾದ ಬಣ್ಣ ಯಾವುದು?"

"ನೀನು ಕೆರೆದು ಸುಸ್ತಾದಾಗ ಯಾವುದು ಕಾಣುತ್ತದೋ ಅದು" ಎಂದರು.

ಬೂದಿ ಬಣ್ಣ ಹೊಡೆದೆವು. ಲೇತ್ ತಿರುಗಿತು. ಆಮೇಲೊಂದು ಶುಕ್ರವಾರ ಅವರು ಮಜ್ಲಿಸಿನ, ಅಂದರೆ ಅತಿಥಿಗಳು ಕೂರುವ ಕೋಣೆಯ, ಗೋಡೆಯಿಂದ ಒಂದು ಕೋವಿ ಇಳಿಸಿ ತಂದು ಬೆಂಚಿನ ಮೇಲೆ ಮಲಗಿಸಿದರು.

ಅವರ ಅಜ್ಜನ ಕೋವಿ. ತಾಯಿಫ್ ಕಡೆಯ ಬೆಟ್ಟದವರಂತೆ ಅಜ್ಜ. ನನ್ನಷ್ಟೇ ಉದ್ದದ ನಳಿಗೆ, ಹಿಡಿಯ ಮೇಲೆ ಸವೆದ ಬೆಳ್ಳಿಯ ಕಟ್ಟು. ನೋಡಿದ ಕೂಡಲೇ ಗುರುತು ಹಿಡಿದೆ. ನಮ್ಮ ಸೋದರಮಾವನ ಮನೆಯಲ್ಲಿ ಹಂದಿ ಓಡಿಸಲು ಲೈಸೆನ್ಸಿನ ಕೋವಿ ಇತ್ತು, ಕೇಪು ಎಂಬ ಪುಟ್ಟ ಸಿಡಿಮದ್ದಿನ ಬಿಲ್ಲೆ ಇಟ್ಟು ಹೊಡೆಯುವಂಥದ್ದು. ಎಲೆಕ್ಷನ್ ಬಂದಾಗಲೆಲ್ಲ ಅದನ್ನು ಠಾಣೆಯಲ್ಲಿ ಇಟ್ಟು ಬರಬೇಕಿತ್ತು. ಇದೂ ಅದೇ ಜಾತಿ. ಆದರೆ ಮೇಲಿನಿಂದ ಬಂದು ಕೇಪಿನ ಮೇಲೆ ಟಕ್ಕೆಂದು ಬೀಳುವ ಕೊಕ್ಕೆಯಂಥ ಭಾಗವೇ ಇರಲಿಲ್ಲ. ಮುರಿದು ಹೋಗಿ ಬುಡದ ಚೂರು ಮಾತ್ರ ಉಳಿದಿತ್ತು. ಮಾವನ ಮನೆಯಲ್ಲಿ ಆ ಭಾಗಕ್ಕೆ 'ಕುದುರೆ' ಎಂದೇ ಹೆಸರು. "ಕುದುರೆ ಮುಟ್ಟಿದರೆ ಕೈ ಮುರೀತೇನೆ" ಎಂದು ಮಾವ ಹೇಳುತ್ತಿದ್ದರು.

ಅಮ್ಮಿಗೆ ಬೇಕಾದದ್ದು ಇಷ್ಟು. ಅವರ ಅಕ್ಕ ಈದ್ ಕಳೆದ ಮೇಲೆ ತಾಯಿಫ್‌ನಿಂದ ಬರುವವರಿದ್ದರು. ಅಜ್ಜನ ಹೆಗಲ ಮೇಲೆ ಈ ಕೋವಿ ನೋಡಿದವರಲ್ಲಿ ಈಗ ಬದುಕಿರುವವರು ಅಕ್ಕ ತಮ್ಮ ಇಬ್ಬರೇ. ಅಕ್ಕನ ಕಣ್ಣು ಹೆಚ್ಚುಕಡಿಮೆ ಹೋಗಿದೆ. ಪೂರ್ತಿ ಹೋಗುವ ಮೊದಲು, ಅಜ್ಜನ ಕೈಯಲ್ಲಿ ಹೇಗಿತ್ತೋ ಹಾಗೆಯೇ ಮಾಡಿ ಅವರ ಮಡಿಲಿಗೆ ಇಡಬೇಕು.

ರೂಮಿಗೆ ಬಂದು ಹೇಳಿದೆ. ನನ್ನ ಜೊತೆಗಾರ ಭಟ್ಕಳದವನು, ನನಗಿಂತ ಹಿರಿಯ, ಡ್ರೈವರ್. ಅವನದು ನವಾಯತಿ, ನನ್ನದು ತುಳು, ಹಾಗಾಗಿ ನಮಗಿಬ್ಬರಿಗೂ ಕನ್ನಡವೇ ಗತಿ.

"ಕೋವಿಯಾ? ತಲೆ ಸಮ ಉಂಟಾ ನಿಂಗೆ? ಇಕಾಮಾ ಕಾರ್ಡು ಕಿತ್ಕೊಂಡು ಏರ್‌ಪೋರ್ಟಿಗೆ ಬಿಡ್ತಾರೆ, ಗೊತ್ತುಂಟಲ್ಲ?"

"ಅದು ಹೊಡೆಯುದಿಲ್ಲ ಮಾರಾಯ. ನಳಿಗೆಗೆ ಸೀಸ ಹೊಯ್ದು ಮುಚ್ಚಿದ್ದಾರೆ, ಕೇಪಿನ ತೂತಿಗೂ ವೆಲ್ಡಿಂಗ್. ಗೋಡೆಗೆ ನೇತುಹಾಕ್ಲಿಕ್ಕೆ ಮಾತ್ರ. ಶೆಡ್ಡಿನಿಂದ ಹೊರಗೆ ತರುದೂ ಇಲ್ಲ."

"ಹಾಗಾದ್ರೆ ಸರಿ. ನಿಂಗೆ ಎಂತ ಬೇಕು ಈಗ?"

"ಕುದುರೆಗೆ ಅರಬಿಯಲ್ಲಿ ಎಂತ ಹೇಳ್ತಾರೆ?"

"ಹಿಸಾನ್" ಎಂದು ಮಗ್ಗುಲು ಬದಲಿಸಿದ. ನಾನು ಬಾಯಿಪಾಠ ಮಾಡಿಕೊಂಡೆ.

ಈಗ ಓದುವ ನಿಮಗೆ ಇದು ಪೆದ್ದುತನ ಅನ್ನಿಸಬಹುದು. ನನ್ನ ಲೆಕ್ಕಾಚಾರ ಕೇಳಿ. ಬಂದೂಕಿಗೆ ಅರಬಿಯಲ್ಲಿ ಬುಂದುಗಿಯ್ಯ ಎನ್ನುತ್ತಾರೆ. ಎಷ್ಟು ಹತ್ತಿರ! ಗೋದಾಮಿನ ಪಾಕಿಸ್ತಾನಿಯೂ ಬಂದೂಕಿನ ಆ ಭಾಗಕ್ಕೆ 'ಘೋಡಾ' ಎಂದೇ ಹೇಳಿದ್ದ. ನಮ್ಮಲ್ಲಿ ಕುದುರೆ, ಅವರಲ್ಲಿ ಕುದುರೆ. ಹಾಗಿದ್ದರೆ ಇಡೀ ಲೋಕದಲ್ಲಿ ಕುದುರೆಯೇ ಇರಬೇಕು ಎಂದುಕೊಂಡೆ.

ಮುಂದಿನ ಶುಕ್ರವಾರ ಮುರಿದ ಜಾಗಕ್ಕೆ ಬೆರಳಿಟ್ಟು ಗಂಭೀರವಾಗಿ ಹೇಳಿದೆ: "ಅಮ್ಮೀ, ಹಿಸಾನ್ ಮಾಫಿ." ಕುದುರೆ ಇಲ್ಲ.

ಅವರು ನಗುತ್ತಾರೆ ಅಥವಾ ತಲೆಯಾಡಿಸುತ್ತಾರೆ ಎಂದುಕೊಂಡಿದ್ದೆ. ಎರಡೂ ಆಗಲಿಲ್ಲ. ಚಹಾದ ಗ್ಲಾಸು ಕೆಳಗಿಟ್ಟು, ಆ ಮುರಿದ ಬುಡದ ಮೇಲೆ ಹೆಬ್ಬೆರಳು ಆಡಿಸುತ್ತ ಕೂತರು. ಆಮೇಲೆ ಕೇಳಿದರು:

"ನಿನಗೆ ಹೇಗೆ ಗೊತ್ತಾಯಿತು?"

"ಏನು ಅಮ್ಮೀ?"

"ಅಲ್ಲಿ ಕುದುರೆ ಇತ್ತು ಅಂತ. ಹೌದು, ಕುದುರೆಯ ತಲೆ ಇತ್ತು. ನನಗೆ ಮರೆತೇ ಹೋಗಿತ್ತು. ಅಜ್ಜ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡಾಗ ನಾನು ಅದನ್ನು ಬಾಯಿಗೆ ಹಾಕಿಕೊಂಡಿದ್ದೆ. ಉಪ್ಪುಪ್ಪಾಗಿತ್ತು."

ನಾನು ಅವಸರವಸರವಾಗಿ ಇದ್ದಬದ್ದ ಭಾಷೆಯನ್ನೆಲ್ಲ ಹೊರಗೆ ತೆಗೆದೆ. "ಹಾಗಲ್ಲ ಅಮ್ಮೀ. ನಮ್ಮ ಊರಲ್ಲಿ ಆ ಭಾಗಕ್ಕೆ ಕುದುರೆ ಅಂತ ಹೆಸರು. ಬರೀ ಹೆಸರು. ತಲೆ, ಕಿವಿ, ಏನೂ ಇರುವುದಿಲ್ಲ."

"ನಿಮ್ಮ ಊರಲ್ಲೂ ಕುದುರೆಯಾ?" ಅವರು ಬೆಂಚಿಗೆ ರಪ್ಪನೆ ಹೊಡೆದರು. "ನೋಡಿದೆಯಾ! ನಮ್ಮಲ್ಲೂ ಕುದುರೆ, ನಿಮ್ಮಲ್ಲೂ ಕುದುರೆ!"

ನಾನು ಬಿಡಿಸಿ ಹೇಳಿದಷ್ಟೂ ಅವರಿಗೆ ಅದು ಸಾಕ್ಷಿಯಾಗುತ್ತಿತ್ತು. ಅವರಿಗೆ ನಿಜವಾಗಿಯೂ ನೆನಪಾಯಿತೋ, ಅಥವಾ ನನ್ನ ಬಾಯಿಂದ ಬಿದ್ದ ಮಾತು ಹೋಗಿ ಅವರ ನೆನಪಿನಲ್ಲಿ ಕೂತಿತೋ? ಉಪ್ಪಿನ ರುಚಿ ಎಲ್ಲಿಂದ ಬಂತು? ಕಬ್ಬಿಣ ನೆಕ್ಕಿದರೆ ಉಪ್ಪುಪ್ಪಾಗಿರುತ್ತದೆಯೇ ಎಂದು, ನಾಚಿಕೆ ಬಿಟ್ಟು ಹೇಳುತ್ತೇನೆ, ನಾನೂ ಒಂದು ಅರವನ್ನು ನೆಕ್ಕಿ ನೋಡಿದೆ. ಎಣ್ಣೆಯ ರುಚಿ ಬಂತು.

ಅವತ್ತು ರೂಮಿನಲ್ಲಿ ಜೊತೆಗಾರ ಹೊಟ್ಟೆ ಹಿಡಿದುಕೊಂಡು ನಕ್ಕ. "ಕೋವಿಯ ಕುದುರೆ ಅಂತ ಮೊದಲೇ ಬೊಗಳುದಲ್ವಾ? ನೀನು ಎಲ್ಲಿಯೋ ರೇಸ್ ನೋಡ್ಲಿಕ್ಕೆ ಹೋಗ್ತಿ ಅಂತ ನಾನು ಎಣಿಸಿದ್ದು!"

"ಈಗ ಎಂತ ಮಾಡುದು ಹೇಳು."

"ಮಾಡಿ ಕೊಡು. ಮುದುಕನಿಗೆ ಖುಷಿಯಾಗ್ತದಲ್ಲ."

"ಇಲ್ಲದ ಕುದುರೆಯನ್ನು ಕೂರಿಸಿ, ಅಜ್ಜನ ಕಾಲದ್ದು ಅಂತ ಅಕ್ಕನಿಗೆ ತೋರಿಸುದಾ?"

"ಇರ್ಲಿಲ್ಲ ಅಂತ ನಿಂಗೆ ಹೇಗೆ ಗೊತ್ತು?"

ಅದೇ ನೋಡಿ. ಗೊತ್ತಿರಲಿಲ್ಲ. ಸಿಕ್ಕ ಸಿಕ್ಕ ಹಳೇ ಕೋವಿಗಳ ಫೋಟೋಗಳನ್ನೆಲ್ಲ ಫೋನಿನಲ್ಲಿ ಜಾಲಾಡಿದೆ. ಹೆಚ್ಚಿನವಕ್ಕೆ ಸಾದಾ ಕೊಕ್ಕೆ. ಕೆಲವಕ್ಕೆ ಮೀನು, ಒಂದಕ್ಕೆ ನಾಯಿ, ಇನ್ನೊಂದಕ್ಕೆ ಹಾವು. ಮೀನು ಇರಬಹುದಾದರೆ ಕುದುರೆ ಯಾಕೆ ಇರಬಾರದು?

ಮೊದಲು ಉಪಾಯ ಮಾಡಿ ಸಾದಾ ಕೊಕ್ಕೆಯೊಂದನ್ನು ಮಾಡಿದೆ. ಬುಡದ ದುಂಡು ಭಾಗವನ್ನು ಲೇತಿನಲ್ಲಿ ಕಡೆದು, ಉಳಿದದ್ದನ್ನು ಅರದಿಂದ ತಿದ್ದಿದೆ. ನನ್ನ ಕೈಯಿಂದ ಅಲ್ಲಿಯವರೆಗೆ ಬಂದ ಕೆಲಸಗಳಲ್ಲೇ ಚಂದದ್ದು ಅದು. ಅಮ್ಮಿ ಅದನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಬಹಳ ಚಂದ ಆಗಿದೆ, ಮುಹಂದಿಸ್" ಎಂದರು. ಆಮೇಲೆ ಮಗುವಿನಂತೆ ಮುಖ ಮಾಡಿ, "ಕುದುರೆ ಎಲ್ಲಿ?"

ಆ ಮುಖ ನೋಡಿ ಹೊಸ ತುಂಡನ್ನು ವೈಸಿಗೆ ಕಚ್ಚಿಸಿದೆ. ಕುದುರೆಯನ್ನು ನಾನು ಎಲ್ಲಿ ನೋಡಿದ್ದೇನೆ? ನಮ್ಮ ಕಡೆ ಕಂಬಳದ ಕೋಣ ಬೇಕಾದರೆ ಕಣ್ಣು ಮುಚ್ಚಿ ಬಿಡಿಸಿಯೇನು. ಅಮ್ಮಿ ಪಕ್ಕದಲ್ಲಿ ಕೂತು ಹೇಳುತ್ತಿದ್ದರು: ಮೂಗು ಇನ್ನೂ ಉದ್ದ, ದವಡೆ ದಪ್ಪ, ಕುತ್ತಿಗೆ ಬಾಗಿರಬೇಕು. ಕಿವಿಯ ವಿಷಯ ಮಾತ್ರ ಅವರು ಎತ್ತಲಿಲ್ಲ. ನಾನೇ ಎರಡು ಕಿವಿಗಳನ್ನು ನೆಟ್ಟಗೆ ನಿಲ್ಲಿಸಿದೆ. ಕುದುರೆ ಎಂದು ಗೊತ್ತಾಗಬೇಕಲ್ಲ! ಫೋಟೋ ತೆಗೆದುಕೊಂಡು ಹೋಗಿ ಜೊತೆಗಾರನಿಗೆ ತೋರಿಸಿದೆ.

"ಇದು ಕುದುರೆಯಾ? ಆಡಿನ ಮರಿ ಹಾಗೆ ಕಾಣ್ತದೆ ಮಾರಾಯ."

ಅಕ್ಕ ಬಂದ ದಿನವೂ ಶುಕ್ರವಾರವೇ. ಅವರ ಮಗ ಕರೆದುಕೊಂಡು ಬಂದಿದ್ದ. ನಾನು ಶೆಡ್ಡಿನಲ್ಲಿ. ಮನೆಯ ಹೆಂಗಸರ ಮುಂದೆ ನಾನು ಹೋಗುವ ಪ್ರಶ್ನೆಯೇ ಇಲ್ಲ, ಅವರ ಮುಖ ನಾನು ನೋಡಿದವನೂ ಅಲ್ಲ. ಅಸರ್, ಅಂದರೆ ಇಳಿಹೊತ್ತಿನ ನಮಾಜು ಮುಗಿಸಿ ಬಂದ ಅಮ್ಮಿ, ಕೋವಿಯನ್ನು ಎರಡೂ ಕೈಯಲ್ಲಿ ಅಡ್ಡಲಾಗಿ ಹಿಡಿದು ಒಳಗೆ ಹೋದರು. ಬಾಗಿಲು ಮುಚ್ಚಿತು.

ಹೋಗುವ ಮೊದಲು ನಾನು ಒಂದು ಮಾತು ಕೇಳಿದ್ದೆ. "ಕುದುರೆಯ ವಿಷಯ ಅಕ್ಕನಿಗೆ ಫೋನಿನಲ್ಲಿ ಹೇಳಿದ್ದೀರಾ?"

"ಇಲ್ಲ. ಅವಳ ಕೈಯೇ ಹೇಳಲಿ" ಎಂದಿದ್ದರು.

ನಾನು ಕೂತೆ. ಲೇತನ್ನು ಒರೆಸಿದೆ. ಒರೆಸಿದ್ದನ್ನೇ ಮತ್ತೆ ಒರೆಸಿದೆ. ಅಕ್ಕ "ಇದೆಂಥದು?" ಎಂದು ಕೇಳಿದರೆ ಅಮ್ಮಿಯ ಗತಿ ಏನು? ಮುದುಕರಿಗೆ ಇದ್ದ ಒಂದೇ ಒಂದು ನೆನಪನ್ನು ನನ್ನ ಹರಕು ಅರಬಿ ಹಾಳು ಮಾಡಿತು ಎಂದಾಗುವುದಿಲ್ಲವೇ? ಇಲ್ಲ, ಅಕ್ಕ "ಹೌದು ಇದೇ" ಎಂದರೆ? ಅದು ನನಗೆ ಇನ್ನೂ ದೊಡ್ಡ ಹೆದರಿಕೆ. ನಾನು ಬಾಯಿಗೆ ಬಂದದ್ದು ಹೇಳಿದ್ದು ನಿಜವಾಗಿಬಿಟ್ಟರೆ ಅದನ್ನು ಏನೆನ್ನುವುದು?

ಬಾಗಿಲು ತೆರೆಯಿತು. ಅಮ್ಮಿ ಕೋವಿಯೊಂದಿಗೆ ಬಂದು ಬೆಂಚಿನ ಮೇಲೆ ಇಟ್ಟರು. ಮುಖ ನೋಡಿದರೆ ಏನೂ ತಿಳಿಯಲಿಲ್ಲ.

"ಕಿವಿ" ಎಂದರು.

"ಕಿವಿಗೆ ಏನಾಯಿತು?"

"ಬೆರಳಿಟ್ಟು ಮುಟ್ಟಿ ನೋಡಿದಳು. ಮೂಗು, ದವಡೆ, ಕುತ್ತಿಗೆ, ಎಲ್ಲದಕ್ಕೂ ಸುಮ್ಮನಿದ್ದಳು. ಕಿವಿ ಸಿಕ್ಕಿದ ಕೂಡಲೇ ಕೈ ಹಿಂದೆ ತೆಗೆದಳು. ಕಿವಿ ಹಿಂದಕ್ಕೆ ಮಡಚಿರಬೇಕಂತೆ." ತಮ್ಮ ಎರಡೂ ಅಂಗೈಯನ್ನು ತಲೆಯ ಪಕ್ಕ ಹಿಂದಕ್ಕೆ ಮಡಚಿ ತೋರಿಸಿದರು. "ಹೀಗೆ. ಓಡುವ ಕುದುರೆಯ ಹಾಗೆ."

ಕಿವಿಯ ಮಾತು ನಾನು ಎತ್ತಿರಲಿಲ್ಲ. ಅಮ್ಮಿಯೂ ಎತ್ತಿರಲಿಲ್ಲ. ಅಂದರೆ ಕುದುರೆ ಇತ್ತೇ? ಅಥವಾ ಕುದುರೆಯ ತಲೆ ಕೈಗೆ ಸಿಕ್ಕಿತೆಂದು, ಆ ಮುದುಕಿಯ ಬೆರಳುಗಳಿಗೆ ಬೇರೆ ಯಾವುದೋ ಕುದುರೆ, ಅಜ್ಜ ಹತ್ತಿ ಹೋದ ನಿಜವಾದ ಕುದುರೆ, ನೆನಪಾಯಿತೇ?

"ಎಷ್ಟು ಮಡಚಬೇಕು ಅಮ್ಮೀ? ಅರ ಹಾಕಿದ ಮೇಲೆ ಹೋದ ಕಬ್ಬಿಣ ಮತ್ತೆ ಬರುವುದಿಲ್ಲ."

"ಒಂದು ಕಿವಿ ಮಾಡು. ಮುಟ್ಟಿಸಿ ಕೇಳುತ್ತೇನೆ."

ಎಡಗಿವಿಯ ತುದಿ ತೆಗೆದು, ಉಳಿದದ್ದನ್ನು ಅರದಿಂದ ಹಿಂದಕ್ಕೆ ಇಳಿಜಾರು ಮಾಡಿ, ಎಮ್ರಿ ಪೇಪರಿನಲ್ಲಿ ಉಜ್ಜಿದೆ. ಅಮ್ಮಿ ಪುಡಿಯನ್ನು ಊದಿ, ಮತ್ತೆ ಒಳಗೆ ಹೋದರು. ಒಂದು ಕಿವಿ ಮೇಲೆ, ಒಂದು ಕಿವಿ ಹಿಂದೆ, ಅಂಥ ಕುದುರೆ.

ಈ ಸಲ ಒಳಗಿನಿಂದ ಮುದುಕಿಯ ಸ್ವರ ಕೇಳಿಸಿತು. ಜೋರಾಗಿ, ಒಂದೇ ಉಸಿರಿಗೆ, ಏನೋ ಉದ್ದದ ಮಾತು. ಬೆಟ್ಟದ ಕಡೆಯ ಅರಬಿ. ನನಗೆ ಒಂದಕ್ಷರ ಹಿಡಿಯಲಿಲ್ಲ. ಆಮೇಲೆ ಇಬ್ಬರೂ ನಗುತ್ತಿದ್ದರು. ಅಥವಾ ಅಳುತ್ತಿದ್ದರು. ಗೋಡೆಯಾಚೆ ಎರಡೂ ಒಂದೇ ರೀತಿ ಕೇಳಿಸುತ್ತದೆ.

ನಾನು ಅರ ಹಿಡಿದು ತಯಾರಾಗಿದ್ದೆ. ಅಮ್ಮಿ ಬರಿಗೈಯಲ್ಲಿ ಬಂದರು.

"ಕೋವಿ ಎಲ್ಲಿ?"

"ಅವಳ ಮಡಿಲಲ್ಲಿದೆ. ಕೊಡುವುದಿಲ್ಲವಂತೆ."

"ಇನ್ನೊಂದು ಕಿವಿ ಬಾಕಿ ಇದೆಯಲ್ಲ ಅಮ್ಮೀ."

"ಬಿಡು ಅದನ್ನು."

"ಅಂದರೆ, ಅದು ಹಾಗೆಯೇ ಇತ್ತಂತಾ? ಒಂದು ಮೇಲೆ, ಒಂದು ಹಿಂದೆ?"

ಅವರು ಸ್ಟೂಲಿನ ಮೇಲೆ ಕೂತು, ತಲೆಗೆ ಹೊದ್ದ ಗುತ್ರಾದ ತುದಿಯಿಂದ ಕಣ್ಣು ಒರೆಸಿಕೊಂಡು, ನನ್ನ ಮುಖವನ್ನೇ ನೋಡಿದರು.

"ನಾನು ಕೇಳಲಿಲ್ಲ" ಎಂದರು. "ನೀನೂ ಕೇಳಬೇಡ."